ಕುರಿಗಳಿಗೂ ನನಗೂ ಒಂದೇ ಹೆಸರು

ಶಾಲೆಯ ಹಾಜರಿಯಲ್ಲಿ ನನ್ನ ಹೆಸರು ಯಮನವ್ವ. ಅಪ್ಪನ ಬಾಯಲ್ಲಿ ಮಾತ್ರ ‘ಖೋಡಿ’, ಅಂದರೆ ಕೆಟ್ಟದ್ದು. ಕುರಿಗಳಿಗೂ ಅದೇ ಹೆಸರು. “ಹೇ ಖೋಡೀ... ಬಾ ಅಂದ್ರ ಬಾ!” ಎಂದು ಅವನು ಕೂಗಿದರೆ ನಮ್ಮೂರು ಮಾಡಗ್ಯಾಳದ ಮಾಳದಿಂದ ಕುರಿಗಳು ಓಡಿಬರುತ್ತಿದ್ದವು, ಮನೆಯೊಳಗಿಂದ ನಾನು. ತಡವಾದರೆ ಅವಕ್ಕೆ ಬೈಗುಳ, ನನಗೆ ಬಡಿಗೆ. ಅವನು ಕುರಿಗೆ ಹೊಡೆದದ್ದನ್ನು ನಾನು ಒಂದು ದಿನವೂ ನೋಡಲಿಲ್ಲ.

೧೯೯೮ರಲ್ಲಿ ಅವನು ತೀರಿಕೊಂಡಾಗ ನನಗೆ ಇಪ್ಪತ್ತೆರಡು. ನಿಜ ಹೇಳುತ್ತೇನೆ, ಒಂದು ಹನಿ ಕಣ್ಣೀರು ಬರಲಿಲ್ಲ. ಅವ್ವನಿಗೆ ಒಂದೇ ಮಾತು ಹೇಳಿದೆ: “ಇನ್ನ ಮ್ಯಾಲ ಆ ಶಬ್ದ ಈ ಮನ್ಯಾಗ ಕೇಳಬಾರದು ನೋಡಬೇ.”

ಸೂತಕ ಮುಗಿಯುವವರೆಗೆ ನಮ್ಮ ಮೂವತ್ತೆಂಟು ಕುರಿಗಳನ್ನು ಅಪ್ಪನ ತಮ್ಮ ಅಣ್ಣಾರಾಯ ಕಾಕಾ ತನ್ನ ಹಿಂಡಿನ ಜೊತೆ ಮೇಯಿಸಿದ. ಆಮೇಲೆ ಕೇಳಲು ಹೋದರೆ ಮೀಸೆಯಡಿ ನಕ್ಕ.

“ಎಲ್ಲಾ ಕೂಡಿ ಹೋಗ್ಯಾವ ತಂಗಿ. ಯಾವು ನಿಮ್ಮವು, ಯಾವು ನಮ್ಮವು, ಹ್ಯಾಂಗ ಗುರುತ ಹಿಡೀಲಿ? ಒಂದ್ ಹತ್ತು ಹೊಡಕೊಂಡ ಹೋಗು.”

ಅಣ್ಣತಮ್ಮಂದಿರ ಕುರಿಗಳಿಗೆ ಗುರುತಿಗೆಂದು ಕೊಯ್ದ ಕಿವಿಯ ಕಚ್ಚು ಒಂದೇ. ಅದನ್ನೇ ಹಿಡಿದು ಆಟವಾಡಿದ. ಕುರಿ ಹೋದರೆ ಅವ್ವನಿಗೂ ನನಗೂ ರೊಟ್ಟಿ ಇಲ್ಲ.

ಊರಿನ ಹಿರಿಯ ಮಲಕಾಜಪ್ಪ ಮುತ್ತ್ಯಾನ ಬಳಿ ಹೋದೆ. ಅವನು ಹಳೆಯ ಪದ್ಧತಿ ತೆಗೆದ: “ಕಿವಿ ಒಂದಾದ್ರ ಕೂಗು ನೋಡಬೇಕು. ಯಾರ ಕೂಗಿಗೆ ಬರ್ತಾವೋ ಅವರ ಕುರಿ. ಮೊದಲ ಹುಡುಗಿ ಕೂಗ್ಲಿ. ಮೂರ ಕೂಗು, ಹೆಚ್ಚಿಲ್ಲ.”

ಮರುದಿನ ಬೆಳಿಗ್ಗೆ ಊರೆಲ್ಲ ಮಾಳದಲ್ಲಿ ಸೇರಿತು. ನಡುವೆ ಹಿಂಡು, ಆ ಕಡೆ ಕಾಕಾ, ಈ ಕಡೆ ನಾನು. “ಬಾ, ಬಾ, ಬಾ” ಎಂದು ಮೆತ್ತಗೆ ಕರೆದೆ. ಒಂದೂ ಕತ್ತೆತ್ತಲಿಲ್ಲ. ಎರಡನೆಯ ಸಲ ಇನ್ನಷ್ಟು ಜೋರಾಗಿ ಕರೆದೆ. ಆಗಲೂ ಇಲ್ಲ.

“ಆಮಂತ್ರಣ ಪತ್ರಿಕಿ ಕಳಸು ಅವಕ್ಕ!” ಎಂದ ಕಾಕಾ. ಜನ ನಕ್ಕರು.

ಉಳಿದದ್ದು ಒಂದೇ ಕೂಗು. ಆಮೇಲೆ ಕಾಕಾ ಸೀಟಿ ಹೊಡೆದರೆ, ಇಷ್ಟು ದಿನ ಅವನ ಹಿಂದೆ ಮೇಯ್ದ ಕುರಿಗಳು ಅವನ ಕಡೆಗೇ ಹೋಗುತ್ತವೆ. ಅವನ ಮೇಲಿನ ಸಿಟ್ಟೂ ಅಪ್ಪನ ಮೇಲಿನ ಸಿಟ್ಟೂ ಒಟ್ಟಿಗೇ ಬಾಯಿಗೆ ಬಂದವು.

“ಹೇ ಖೋಡೀ... ಬಾ ಅಂದ್ರ ಬಾ!”

ಅದೇ ಒರಟು, ಅದೇ ಎಳೆತ. ಅವ್ವ ಬೆಚ್ಚಿಬಿದ್ದು ತಲೆಯ ಮೇಲೆ ಸೆರಗೆಳೆದುಕೊಂಡಳು, ಅಪ್ಪ ಒಳಗೆ ಬಂದಾಗ ಮಾಡುತ್ತಿದ್ದಂತೆ.

ಬಾಗಿದ ಮೂಗಿನ ಹಿರಿಯ ಟಗರು ಮೊದಲು ತಿರುಗಿತು. ಆಮೇಲೆ ಧೂಳೋ ಧೂಳು. ನನ್ನ ಮೊಣಕಾಲಿಗೆ ಬಂದು ತಾಗಿದವನ್ನು ಮುತ್ತ್ಯಾ ಕೋಲು ಹಿಡಿದು ಎಣಿಸಿದ. ನಲವತ್ತು!

“ಬಾಯಿದ್ದಾವ ಬರಗಾಲದಾಗೂ ಬದುಕ್ಯಾನಂತ. ಹೊಡಕೊಂಡ ನಡಿ ಮಗಳ” ಎಂದ.

ನಾನು ಎರಡು ಕುರಿಗಳನ್ನು ಬೇರೆ ಮಾಡಿ ಕಾಕಾನ ಕಡೆ ಅಟ್ಟಿದೆ. “ಇವು ನಿಮ್ಮವು ಕಾಕಾ. ನನಗ ಗುರುತ ಸಿಗ್ತದರಿ.” ಈ ಸಲ ಜನ ನಕ್ಕದ್ದು ಅವನನ್ನು ನೋಡಿ.

ಬರುವಾಗ ಅಪ್ಪನನ್ನು ಮಣ್ಣು ಮಾಡಿದಲ್ಲಿ ಹಿಂಡು ನಿಲ್ಲಿಸಿದೆ. “ಹೊಡದದ್ದು ಮರ್ಯಾಂಗಿಲ್ಲಪ್ಪ. ಕೂಗು ಮಾತ್ರ ಇಟಗೋತೀನಿ” ಎಂದೆ. ಅಂದು ಅತ್ತೆ, ಹೊಟ್ಟೆ ತುಂಬ ಅತ್ತೆ.

ಈಗ ನನ್ನ ಹಿಂಡು ನೂರು ದಾಟಿದೆ. ಸಂಜೆ ಮಾಳದಲ್ಲಿ ನಿಂತು ಖೋಡೀ ಎಂದರೆ ನೂರೂ ಓಡಿಬರುತ್ತವೆ. ಮಗಳನ್ನು ಮಾತ್ರ ಕಾಜಲ್ ಎಂದೇ ಕರೆಯುತ್ತೇನೆ. ಅವಳು ಆಡುತ್ತ, ನಿಲ್ಲುತ್ತ, ತನಗೆ ಬೇಕಾದಾಗ ಬರುತ್ತಾಳೆ. ಬರಲಿ.