ಕುದುರೆಯಾಗಬೇಕಿದ್ದ ಆಮೆ

ಸೊಸೆ ಮಾಡಲು ಹೊರಟದ್ದು ಕುದುರೆಯನ್ನು. ಜಾವಾಸ್ಕ್ರಿಪ್ಟ್ ತರಗತಿಯ ಮೇಷ್ಟ್ರು, ವೆಬ್ ಪುಟದ ಮೇಲೆ ಏನಾದರೂ ಓಡಾಡಬೇಕು, ಮೌಸ್ ಮುಟ್ಟಿದರೆ ಅದಕ್ಕೆ ಗೊತ್ತಾಗಬೇಕು, ಪಾಸಾಗಲು ಅಷ್ಟು ಸಾಕು ಎಂದಿದ್ದರು. ಜೊತೆಗೆ ಕಲಿಯುತ್ತಿದ್ದವರೆಲ್ಲ ಪುಟಿಯುವ ಚೆಂಡು, ಬೀಳುವ ಹಿಮ ಅಂತ ಸುಲಭದ ದಾರಿ ಹಿಡಿದರೆ ಇವಳಿಗೆ ನಾಗಾಲೋಟದಲ್ಲಿ ಓಡುವ ಕುದುರೆಯೇ ಬೇಕು. ತಲೆ ಕೆರೆದು ಕೆರೆದು ಕೋಡ್ ಬರೆದದ್ದಾಯಿತು, ಕುದುರೆ ಹೊರಟದ್ದೂ ಆಯಿತು. ಹೊರಟಿದೆ ಎನ್ನುವುದು ಬರೆದವಳಿಗೆ ಮಾತ್ರ ಗೊತ್ತು. ನೋಡುವವರ ಪಾಲಿಗೆ ಅದು ನಿಂತೇ ಇತ್ತು. ವೇಗ ಹೆಚ್ಚಿಸಿದರೆ ಒಂದೇ ನೆಗೆತಕ್ಕೆ ಪರದೆಯಾಚೆ ಮಾಯ. ಕೊನೆಗೆ ಅವಳು ಕೋಡ್ ತಿದ್ದುವುದನ್ನು ಬಿಟ್ಟು ಕುದುರೆಯನ್ನೇ ತಿದ್ದಿದಳು. ಕಾಲು ಗಿಡ್ಡ ಮಾಡಿ, ಬೆನ್ನಿಗೊಂದು ಚಿಪ್ಪು ಹೊದಿಸಿ, ಆಮೆ ಎಂದು ಕರೆದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವಳು ನೆಲದ ಸುದ್ದಿಗೆ ಹೋಗದೆ ಕುಣಿತವನ್ನೇ ಬದಲಾಯಿಸಿಬಿಟ್ಟಳು. ಇಷ್ಟು ಜಾಣತನ ಇದ್ದವರು ಎಲ್ಲಾದರೂ ಬದುಕಿಕೊಳ್ಳುತ್ತಾರೆ.

ಹೋದ ಸಲ ಇದೇ ತರಗತಿಯಲ್ಲಿ ಅವಳು ಫೇಲಾಗಿದ್ದಳು. ಅತ್ತೆ ಆಗಲೇ ಹೇಳಿಯಾಗಿತ್ತು: "ಈ ಸಲಾನೂ ಹೀಗೇ ಆದ್ರೆ ಸಾಕು ಮಾಡಮ್ಮ. ಸುಮ್ನೆ ಗಂಡನ ಜೊತೆ ಜೆರಾಕ್ಸ್ ಅಂಗಡೀಲಿ ನಿಂತ್ಕೋ." ಜೆರಾಕ್ಸ್ ಅಂಗಡಿ ಕೆಟ್ಟದ್ದೇನಲ್ಲ. ಆದರೆ ಮದುವೆಯಾದಂದಿನಿಂದ ಅಲ್ಲಿ ಮಂದಿಯ ಕಾಗದವನ್ನೇ ಎರಡೆರಡು ಮಾಡಿ ಕೊಟ್ಟು ಅವಳಿಗೆ ಸಾಕಾಗಿತ್ತು. ತನ್ನದೇ ಆದ ಒಂದನ್ನು ಹೊಸದಾಗಿ ಮಾಡಬೇಕು ಎಂಬ ಆಸೆ ಒಳಗೊಳಗೇ ಬಲಿಯುತ್ತಿತ್ತು.

ಅಷ್ಟರಲ್ಲಿ ಅತ್ತೆ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡು ಪ್ಲಾಸ್ಟರ್ ಹಾಕಿಸಿಕೊಂಡರು. ಮನೆಯ ಮೂಲೆ ಮೂಲೆಯನ್ನೂ ಆಳಿದ ಹೆಂಗಸು ಗಾಲಿಕುರ್ಚಿಗೆ ಸಿಕ್ಕಿಬಿದ್ದರೆ ಕಣ್ಣಿಗೂ ಬಾಯಿಗೂ ಕೆಲಸ ಹೆಚ್ಚುತ್ತದೆ. ಸೊಸೆಯ ಲ್ಯಾಪ್‌ಟಾಪಿನ ಪಕ್ಕ ಕುರ್ಚಿ ಹಾಕಿಸಿಕೊಂಡು, "ಏನೇ ಅದು, ಬೋಂಡಾನ?" ಎಂದರು.

"ಆಮೆ, ಅತ್ತೆ. ಎಲೆ ಮೇಲೆ ಹೀಗೆ ಒತ್ತಿದ್ರೆ ತಿನ್ನತ್ತೆ."

ಅತ್ತೆ ಒತ್ತಿದರು. ಆಮೆ ಎಲೆಯತ್ತ ಹೊರಟಿತು. ಅದು ತಲುಪುವಷ್ಟರಲ್ಲಿ ಒಲೆಯ ಮೇಲಿಟ್ಟ ಹಾಲು ಉಕ್ಕಿ ಚೆಲ್ಲಿತ್ತು, ಆದರೂ ಅತ್ತೆ ಕದಲಲಿಲ್ಲ. ತಿಂದ ಮೇಲೆ ಆಮೆ ಒಂದು ಕೂದಲೆಳೆಯಷ್ಟು ದಪ್ಪವಾಯಿತು. ಅಲ್ಲಿಗೆ ಮುಗಿಯಿತು ಕಥೆ. ಅಂದಿನಿಂದ ಅದು ಅತ್ತೆಯ ಆಮೆ. ಕರೆದರೆ ತಿರುಗಿ ನೋಡದ, ಬಂದರೂ ತನಗೆ ಬೇಕಾದಾಗ ಬರುವ ಅದರ ಠೀವಿ ನೋಡಿ ಅವರು ಅದಕ್ಕೆ ‘ಸಾಹೇಬ್ರು’ ಎಂದು ಹೆಸರಿಟ್ಟರು.

ಇಲ್ಲಿ ಸೊಸೆ ಒಂದು ಎಡವಟ್ಟು ಮಾಡಿದ್ದಳು. ಪುಟ ತೆರೆದಾಗಲೆಲ್ಲ ಹೊಸ ಆಮೆ ಹುಟ್ಟುವಂತೆ, ಅದರ ಬಣ್ಣ, ಚಿಪ್ಪಿನ ಚುಕ್ಕೆ ಎಲ್ಲ ಆ ಗಳಿಗೆಗೆ ಕಂಪ್ಯೂಟರಿಗೆ ತೋಚಿದ ಹಾಗೆ ಬರುವಂತೆ ಬರೆದಿದ್ದಳು. ಹುಟ್ಟಿದ್ದನ್ನು ಎಲ್ಲೂ ಉಳಿಸುವ ಏರ್ಪಾಡು ಮಾಡಿರಲಿಲ್ಲ. ಅಷ್ಟೇ ಅಲ್ಲದೆ ಅದನ್ನು ಅತ್ತೆಗೆ ಹೇಳಿಯೂಬಿಟ್ಟಳು.

"ರಿಫ್ರೆಶ್ ಮಾಡಿದ್ರೆ ಇದು ಹೋಗಿ ಬೇರೆ ಬರತ್ತೆ, ಅತ್ತೆ."

"ಹೋಗಿ ಅಂದ್ರೆ?"

"ಹೋಗಿ ಅಂದ್ರೆ... ಹೋಗಿ."

ಅತ್ತೆಯ ಮುಖ ನೋಡಿ ಸೊಸೆಗೆ ತಾನು ಕೊಲೆಗಡುಕಿ ಅನ್ನಿಸಿತು. ಆ ದಿನದಿಂದ ಮನೆಯಲ್ಲಿ ಹೊಸ ಕಾನೂನು ಬಂತು. ಲ್ಯಾಪ್‌ಟಾಪ್ ಮುಚ್ಚುವಂತಿಲ್ಲ, ಆರಿಸುವಂತಿಲ್ಲ, ಒರೆಸುವ ಬಟ್ಟೆಯೂ ಅದರ ಹತ್ತಿರ ಸುಳಿಯುವಂತಿಲ್ಲ. ಹಳೇ ಯಂತ್ರ, ಬ್ಯಾಟರಿ ಎಂದೋ ಸತ್ತಿತ್ತು; ವೈರ್ ಕಿತ್ತರೆ ಅಲ್ಲೇ ಆರುತ್ತಿತ್ತು. ಕರೆಂಟ್ ಹೋದರೆ ಗತಿಯೇನು ಎಂದು ಅತ್ತೆ ಮಗನ ಅಂಗಡಿಯ ಯುಪಿಎಸ್ ಪೆಟ್ಟಿಗೆಯನ್ನು ಮನೆಗೆ ಹೊರಿಸಿದರು. ಅಂಗಡಿ ಕತ್ತಲಾದರೂ ಸರಿ, ಸಾಹೇಬರಿಗೆ ಬೆಳಕಿರಬೇಕು.

ಸೊಸೆ ಸುಮ್ಮನೆ ಕೂರಲಿಲ್ಲ. ಆಮೆಯ ವಿವರವನ್ನೆಲ್ಲ ಬ್ರೌಸರಿನಲ್ಲಿ ಉಳಿಸಿ, ಮತ್ತೆ ತೆರೆದಾಗ ಅದನ್ನೇ ಎಬ್ಬಿಸುವುದು ಹೇಗೆಂದು ಕಲಿತು ಕೋಡ್ ತಿದ್ದಿಟ್ಟಳು. ಆದರೆ ಹೊಸ ಕೋಡ್ ಜೀವ ತಳೆಯಬೇಕಾದರೆ ರಿಫ್ರೆಶ್ ಒತ್ತಬೇಕು, ಒತ್ತಿದರೆ ಹಳೇ ಆಮೆ ಹೋಗುತ್ತದೆ. ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು ಅನ್ನುತ್ತಾರಲ್ಲ, ಹಾಗಾಯಿತು ಅವಳ ಪಾಡು.

ಪರೀಕ್ಷೆಯ ದಿನ ಬಂತು. ತರಗತಿ ಅದೇ ಬೀದಿಯ ಕೊನೆಯಲ್ಲಿ. "ನಾನೂ ಬರ್ತೀನಿ, ಯಾರನ್ನೂ ನಂಬಕ್ಕಾಗಲ್ಲ" ಎಂದರು ಅತ್ತೆ. ಹೊರಟಿತು ಮೆರವಣಿಗೆ. ಗಾಲಿಕುರ್ಚಿಯಲ್ಲಿ ಪ್ಲಾಸ್ಟರಿನ ಕಾಲು ಚಾಚಿದ ಅತ್ತೆ, ಅವರ ತೊಡೆಯ ಮೇಲೆ ತೆರೆದ ಲ್ಯಾಪ್‌ಟಾಪ್, ಪಕ್ಕದಲ್ಲಿ ಯುಪಿಎಸ್ ಹೊತ್ತು ಬೆವರುತ್ತಿದ್ದ ಮಗ, ಹಿಂದೆ ಕುರ್ಚಿ ತಳ್ಳುತ್ತಿದ್ದ ಸೊಸೆ. ಗೋಡೆಯ ಕರೆಂಟಿನಿಂದ ಬೇರೆಯಾದ ಸಿಟ್ಟಿಗೆ ಯುಪಿಎಸ್ ದಾರಿಯುದ್ದಕ್ಕೂ ಕೀಂ ಕೀಂ ಎಂದು ಅರಚುತ್ತಿತ್ತು. ಕ್ಷೌರದಂಗಡಿಯವನು ಅರ್ಧ ಬೋಳಿಸಿದ ಗಿರಾಕಿಯನ್ನು ಬಿಟ್ಟು ಹೊರಗೆ ಬಂದು, "ಹುಷಾರಿಲ್ವಾ ಅಮ್ಮ, ಯಾವ ಮಿಷಿನ್ ಇದು?" ಎಂದು ಕಳವಳದಿಂದ ಕೇಳಿದ.

"ನಂಗಲ್ಲಪ್ಪ, ಆಮೆಗೆ" ಎಂದರು ಅತ್ತೆ. ಅವನು ಉಳಿದರ್ಧ ಬೋಳಿಸಲು ಒಳಗೆ ಹೋದ.

ತರಗತಿಯಲ್ಲಿ ಮೇಷ್ಟ್ರು ಆಮೆಯನ್ನು ನೋಡಿದರು, ಎಲೆ ಹಾಕಿದರು, ಕಾದರು, ಆಕಳಿಸಿದರು. ಆಮೆ ತಿಂದಿತು. "ಚೆನ್ನಾಗಿದೆ" ಎಂದು ರಿಫ್ರೆಶ್ ಗುಂಡಿಯತ್ತ ಬೆರಳು ಚಾಚಿದರು.

"ಕೈ ತೆಗೀರಿ!" ಎಂದು ಅತ್ತೆ ಗದರಿದ್ದಕ್ಕೆ ಹಿಂದಿನ ಬೆಂಚಿನವರೂ ಕೈ ತೆಗೆದರು.

ಮೇಷ್ಟ್ರು ಸಮಾಧಾನದ ಮನುಷ್ಯ. "ಅಮ್ಮಾ, ಒಂದೇ ಸಲ ಓಡಿದ್ರೆ ಅದು ಅದೃಷ್ಟ. ಮತ್ತೆ ತೆರೆದಾಗ್ಲೂ ಓಡಿದ್ರೆ ಪ್ರೋಗ್ರಾಂ. ಅದನ್ನ ನೋಡ್ದೆ ನಾನು ಪಾಸ್ ಮಾಡಕ್ಕಾಗಲ್ಲ."

ಈ ಕಡೆ ಪರೀಕ್ಷೆ, ಆ ಕಡೆ ಅತ್ತೆಯ ಜೀವ. "ಬೇಡ ಬಿಡಿ ಸರ್, ಫೇಲ್ ಮಾಡಿ" ಎನ್ನಲು ಸೊಸೆ ಬಾಯಿ ತೆರೆದೇಬಿಟ್ಟಿದ್ದಳು. ಆಗ ಅತ್ತೆ ಆಮೆಯನ್ನು ಒಮ್ಮೆ ನೋಡಿದರು, ಸೊಸೆಯನ್ನು ಒಮ್ಮೆ ನೋಡಿದರು, ಮೂಗೇರಿಸಿಕೊಂಡರು.

"ಒತ್ತೇ" ಎಂದರು.

"ಅತ್ತೆ, ಸಾಹೇಬ್ರು..."

"ಸಾಹೇಬ್ರಿಗೇನು, ತಿಂದುಂಡು ಸುಖವಾಗಿದ್ರು. ನೀನು ಈ ಸಲ ಫೇಲಾಗಬಾರ್ದು. ಅಂಗಡೀಲಿ ನಿಂತಾಗ ನಿನ್ನ ಮುಖ ಹೇಗಿರತ್ತೆ ಅಂತ ನಂಗೆ ಗೊತ್ತಿಲ್ವಾ? ಒತ್ತು ಅಂದ್ನಲ್ಲ."

ಇಷ್ಟು ವರ್ಷದಲ್ಲಿ ಅತ್ತೆ ತನ್ನ ಮುಖ ನೋಡಿದ್ದಾರೆ ಎಂದು ಸೊಸೆಗೆ ಗೊತ್ತೇ ಇರಲಿಲ್ಲ. ಕಣ್ಣು ತುಂಬಿತು. ಇಂಥವರ ಆಮೆಯನ್ನು ಕೊಲ್ಲುವುದೇ? ಬೆರಳು ಗುಂಡಿಯ ಮೇಲೆ ನಿಂತುಬಿಟ್ಟಿತು. ನಿಂತಾಗ ತಲೆ ಓಡಿತು. ಅಲ್ಲ, ಆಮೆ ಇನ್ನೂ ಬದುಕಿದೆಯಲ್ಲ! ಬದುಕಿರುವಾಗ ಅದನ್ನೇ ಕೇಳಿದರಾಯಿತು. ಓಡುತ್ತಿರುವ ಪುಟವನ್ನು ನಿಲ್ಲಿಸದೆ ಮಾತಾಡಿಸಲು ಬ್ರೌಸರಿನಲ್ಲಿ ಕನ್ಸೋಲ್ ಎಂಬ ಕಿಂಡಿಯಿದೆ. ಅದರಲ್ಲಿ ಬರುವ ಕೆಂಪಕ್ಷರದ ಬೈಗುಳ ಓದುವುದಕ್ಕಷ್ಟೇ ಅವಳು ಅದನ್ನು ತೆರೆಯುತ್ತಿದ್ದಳು. ಈಗ ತೆರೆದು, ಆಮೆಯ ಹೆಸರು ಹೊಡೆದಳು. ಬಣ್ಣ, ತೂಕ, ಚುಕ್ಕೆ, ತಿಂದ ಎಲೆ, ಎಲ್ಲ ಸಾಲಾಗಿ ಬಂದು ನಿಂತವು.

"ಏನೇ ಅದು, ಅದರ ಜಾತಕಾನ?" ಎಂದರು ಅತ್ತೆ.

"ಹೂಂ ಅತ್ತೆ" ಎಂದು ಅದಷ್ಟನ್ನೂ ಅಲ್ಲಿಂದಲೇ ಬ್ರೌಸರಿನ ಉಗ್ರಾಣಕ್ಕೆ ತುಂಬಿ, ಕಣ್ಣು ಮುಚ್ಚಿ ರಿಫ್ರೆಶ್ ಒತ್ತಿದಳು.

ಪರದೆ ಬೆಳ್ಳಗಾಯಿತು. ಯುಪಿಎಸ್ ಕೂಡ ಅರಚುವುದನ್ನು ಮರೆತಂತಿತ್ತು. ಆಮೇಲೆ ಆಮೆ ಬಂತು. ಅದೇ ಬಣ್ಣ, ಅದೇ ಚುಕ್ಕೆ, ಅದೇ ಹೊಟ್ಟೆ. ಆದರೆ ಎಲೆ ಇದ್ದ ಕಡೆಗೆ ಬಾಲ ಮಾಡಿ, ಪರದೆಯ ಅಂಚಿಗೆ ಮುಖ ಹಾಕಿ ನಿಂತಿತ್ತು. ಮುಖ ಯಾವ ಕಡೆ ಎಂಬುದನ್ನು ಅವಳು ಬೇರೆಲ್ಲೋ ಬರೆದಿಟ್ಟು, ಉಳಿಸುವುದನ್ನು ಮರೆತಿದ್ದಳು.

"ಸಣ್ಣ ಬಗ್ ಇದೆ" ಎಂದರು ಮೇಷ್ಟ್ರು.

"ಬಗ್ಗೂ ಇಲ್ಲ ಗಿಗ್ಗೂ ಇಲ್ಲ" ಎಂದರು ಅತ್ತೆ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ. "ಅದೇ ಇದು. ನೀವು ಹೆದರಿಸಿದ್ರಲ್ಲ, ಮುನಿಸಿಕೊಂಡಿದೆ. ಒಂದೆಲೆ ಹಾಕಿ ಸಮಾಧಾನ ಮಾಡಿ, ಮೇಷ್ಟ್ರೇ."

ಮೇಷ್ಟ್ರು ಎಲೆ ಹಾಕಿದರು. ಸಾಹೇಬರು ಬಹಳ ಹೊತ್ತು ಯೋಚಿಸಿ ತಿರುಗಿದರು. ಪಾಸು ಎಂದು ಬರೆಯುವಾಗ ಮೇಷ್ಟ್ರಿಗೂ ನಗು ತಡೆಯಲಾಗಲಿಲ್ಲ.

ಮನೆಗೆ ಹೊರಟಾಗ ಅತ್ತೆ ತಾವೇ ಲ್ಯಾಪ್‌ಟಾಪ್ ಮುಚ್ಚಿ, ವೈರ್ ಕಿತ್ತು ಮಗನ ಕೈಗೆ ಕೊಟ್ಟರು. ಸೊಸೆ ಕುರ್ಚಿ ತಳ್ಳುವುದನ್ನು ನಿಲ್ಲಿಸಿದಳು. "ತೆರೆದು ಒಂದ್ಸಲ ನೋಡ್ಲಾ, ಅತ್ತೆ? ಇದೆಯೋ ಇಲ್ವೋ ಅಂತ."

"ಸುಮ್ನೆ ತಳ್ಳೇ" ಎಂದರು ಅತ್ತೆ. "ನೀನು ಬರೆದಿದ್ದಲ್ವಾ, ಇರತ್ತೆ."