ಹಿಂದಿನ ಸೀಟಿನ ಪಾಠ

ನಮ್ಮ ಪುಟ್ಟಿ ಸಂಸ್ಕೃತ ಪರೀಕ್ಷೆಯಲ್ಲಿ ಸರ್ವನಾಮದ ಪ್ರಶ್ನೆಗಳಿಗೆಲ್ಲ ಸೊನ್ನೆ ಸುತ್ತಿಸಿಕೊಂಡು ಬಂದ ದಿನ ನಾನು ಸೂರು ಹಾರಿಹೋಗುವ ಹಾಗೆ ಕೂಗಾಡಿದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಜನ್ಮವಿಡೀ ಸಂಸ್ಕೃತ ಕಲಿಸಿ ನಿವೃತ್ತರಾದ ತಾತ ಮನೆಯಲ್ಲೇ ಕೂತಿರುವಾಗ ಮೊಮ್ಮಗಳಿಗೆ ಸೊನ್ನೆಯೇ? ಹಿತ್ತಲಲ್ಲಿ ಬಾವಿ ಇಟ್ಟುಕೊಂಡು ಬಾಯಾರಿ ಸತ್ತ ಹಾಗಾಯಿತು, ಎಂದೆ.

ಮಾವ ನಕ್ಕುಬಿಟ್ಟರು. "ನೀನೂ ಬಾಮ್ಮ, ಇಬ್ರಿಗೂ ಒಟ್ಟಿಗೇ ಹೇಳ್ಕೊಡ್ತೀನಿ. ಪಾಪ, ಬೈಸ್ಕೊಳ್ಳೋಕೆ ಅವಳಿಗೂ ಒಂದು ಜೊತೆ ಬೇಕಲ್ಲ."

ಪಾಠ ನಡೆಯುತ್ತಿದ್ದದ್ದು ನನ್ನ ಹೊಲಿಗೆ ಯಂತ್ರವಿರುವ ಮುಂದಿನ ಕೋಣೆಯಲ್ಲಿ. ಮಾವ ಕಿಟಕಿ ಪಕ್ಕದ ಕುರ್ಚಿಯಲ್ಲಿ, ನಾವಿಬ್ಬರೂ ಬಟ್ಟೆ ಚೂರುಗಳ ನಡುವೆ ನೆಲದ ಮೇಲೆ. ಮುಟ್ಟುವಷ್ಟು ಹತ್ತಿರವಿದ್ದರೆ ಏತತ್. ಹತ್ತಿರವಿದ್ದರೆ ಇದಂ. ದೂರವಿದ್ದೂ ಕಣ್ಣಿಗೆ ಕಾಣುತ್ತಿದ್ದರೆ ಅದಃ. ಕಣ್ಣಿಗೇ ಕಾಣದಿದ್ದರೆ ತತ್. ನನಗೆ ರೇಗಿತು. "ನಾವು ಇದು, ಅದು ಅಂತ ಎರಡರಲ್ಲೇ ಸಂಸಾರ ಮಾಡ್ತಿಲ್ವಾ? ಇವರಿಗೆ ನಾಲ್ಕು ಯಾಕಂತೆ?"

ಅಷ್ಟಕ್ಕೇ ಮುಗಿಯಲಿಲ್ಲ. ಬಟ್ಟೆ ನಪುಂಸಕವಂತೆ, ಅದು 'ಇದಂ ವಸ್ತ್ರಮ್'. ಕತ್ತರಿ ಹೆಂಗಸಂತೆ, ಅವಳು 'ಇಯಂ ಕರ್ತರೀ'. ದಿನವೆಲ್ಲ ಕತ್ತರಿ ಹಿಡಿಯುವ ನನಗೇ ಅದು ಹೆಂಗಸೆಂದು ಗೊತ್ತಿರಲಿಲ್ಲ.

"ಬಾಯಿ ಎಷ್ಟು ಹರಿತ ಇದೆ ನೋಡು, ಗೊತ್ತಾಗತ್ತೆ" ಎಂದರು ಮಾವ. ಪುಟ್ಟಿ ಬಿದ್ದು ಬಿದ್ದು ನಕ್ಕಳು. ನನಗೆ ಬೇರೆ ಗುರುಗಳೇ ಬೇಕಿತ್ತು.

ಮಗಳು ಮಾತ್ರ ಬೇಗ ಕಲಿತುಬಿಟ್ಟಳು. ದಿನಾ ಬೆಳಿಗ್ಗೆ ಮಾವನೇ ಅವಳನ್ನು ಸ್ಕೂಟರಿನಲ್ಲಿ ಶಾಲೆಗೆ ಬಿಟ್ಟು ಬರುತ್ತಿದ್ದರು. ಬೀದಿ ತಿರುವಿನ ಬೇಕರಿಯವನು ಒಮ್ಮೆ ನನ್ನನ್ನು ತಡೆದು, "ಅಕ್ಕಾ, ನಿಮ್ಮ ಮಗಳು ತಾತನ ಬೆನ್ನಿಗೆ ಅಂಟ್ಕೊಂಡು ಅದಃ, ಇದಂ, ಅದಃ ಅಂತ ಏನೋ ಹೇಳ್ತಾ ಹೋಗ್ತಾಳಲ್ಲ, ಏನದು?" ಎಂದು ಕೇಳಿದ. "ವ್ಯಾಕರಣ" ಎಂದು ಎದೆಯುಬ್ಬಿಸಿಕೊಂಡು ಬಂದೆ. ಮುಂದಿನ ಪರೀಕ್ಷೆಯಲ್ಲಿ ಸರ್ವನಾಮಕ್ಕೆ ಪೂರ್ತಿ ಅಂಕ. ಹೆತ್ತವರಿಗೆ ಹೆಗ್ಗಣವೂ ಮುದ್ದು ಅನ್ನುತ್ತಾರೆ, ನನ್ನದಂತೂ ಬಂಗಾರವಾಗಿತ್ತು.

ಆದರೆ ಅವಳಿಗೆ ಇತ್ತೀಚೆಗೆ ಬೆಳಿಗ್ಗೆ ಹೊತ್ತು ಹೊಟ್ಟೆನೋವು ಶುರುವಾಗಿತ್ತು. ಡಾಕ್ಟರು ಹೊಟ್ಟೆ ಒತ್ತಿ ನೋಡಿ ಏನೂ ಇಲ್ಲ ಎಂದರು. ಶಾಲೆಗೆ ಚಕ್ಕರ್ ಹೊಡೆಯುವ ನೆಪವೆಂದು ನಾನು ಗದರಿ ಕಳಿಸುತ್ತಿದ್ದೆ. ಆ ದಿನ ಮುಖ ತೀರಾ ಬಿಳಿಚಿಕೊಂಡಿತ್ತೆಂದು, ಹೋಗಲಿ ಮಲಗು ಎಂದು ಬಿಟ್ಟೆ.

ಅಂದೇ ಗಿರಾಕಿಯೊಬ್ಬರು ಮಧ್ಯಾಹ್ನದ ರೈಲಿಗೆ ಹೊರಟಿದ್ದರು. ಅವರ ಹೊಸ ಕೋಟು ತಲುಪಿಸಬೇಕಿತ್ತು. ನನ್ನ ಗಂಡ ರಾತ್ರಿ ಪಾಳಿ ಮುಗಿಸಿ ಬಂದು ಮಗಳ ಪಕ್ಕದ ಕೋಣೆಯಲ್ಲಿ ಮಲಗಿದ್ದ. ಸ್ಕೂಟರಿನಲ್ಲಿ ಕರೆದುಕೊಂಡು ಹೋಗ್ತೀರಾ ಎಂದು ಮಾವನನ್ನು ಕೇಳಿದೆ. ಚಕ್ರದಲ್ಲಿ ಗಾಳಿ ಕಮ್ಮಿ ಇದೆ ಎಂದರು. ಪೆಟ್ರೋಲು ಇದೆಯೋ ಇಲ್ಲವೋ ಎಂದರು. "ಆಟೋ ಹಿಡ್ಕೊಂಡು ಹೋಗ್ಬಿಡಮ್ಮ" ಎಂದರು.

"ದಿನಾ ಮೊಮ್ಮಗಳನ್ನ ಹೊರೋ ಗಾಡಿಗೆ ಸೊಸೆ ಒಬ್ಬಳು ಭಾರವಾದ್ಲಾ ಮಾವ?"

ಅವರು ಹೆಲ್ಮೆಟ್ ಹಾಕಿಕೊಂಡು ಗಾಡಿ ಹೊರತೆಗೆದರು.

ನಮ್ಮ ಬೀದಿಯಲ್ಲಿ ನೀಟಾಗಿಯೇ ಹೋದರು. ಬೇಕರಿ ತಿರುವೂ ದಾಟಿತು. ದೊಡ್ಡ ರಸ್ತೆ ಸೇರುವಲ್ಲಿ ಗಾಡಿ ನಿಲ್ಲಿಸಿದರು. ಅಲ್ಲಿ ಸಿಗ್ನಲ್ ಇಲ್ಲ, ಸಂದು ನೋಡಿಕೊಂಡು ದಾಟಬೇಕು. ಸಂದು ಸಿಕ್ಕಿತು, ಮಾವ ಕದಲಲಿಲ್ಲ. ಮತ್ತೊಮ್ಮೆ ಸಿಕ್ಕಿತು, ಆಗಲೂ ಇಲ್ಲ. ಹಿಂದಿನವರು ಹಾರ್ನ್ ಹೊಡೆದು ಕಿವಿ ಕಿತ್ತರು. ಬಲಗಡೆ ಅವರೇ ನೋಡಿಕೊಂಡಿರುತ್ತಾರೆಂದು ನಾನು ಎಡಕ್ಕಷ್ಟೇ ನೋಡಿ, "ಹೋಗಿ ಮಾವ, ಖಾಲಿ ಇದೆ" ಎಂದೆ.

ಅದನ್ನೇ ಕಾಯುತ್ತಿದ್ದವರ ಹಾಗೆ ನುಗ್ಗಿಸಿಬಿಟ್ಟರು. ಬಲಗಡೆಯಿಂದ ಲಾರಿ ಬರುತ್ತಿತ್ತು. ಅಷ್ಟು ದೊಡ್ಡ ಲಾರಿ! ಮಾವ ಅದರ ಕಡೆಗೇ ಮುಖ ತಿರುಗಿಸಿದ್ದರು, ಆದರೂ ವೇಗ ತಗ್ಗಿಸಲಿಲ್ಲ. ನಾನು ಕಿಟಾರನೆ ಕಿರುಚಿದೆ. ಬ್ರೇಕು ಬಿತ್ತು. ಲಾರಿಯ ಗಾಳಿ ಮುಖಕ್ಕೆ ಬಡಿಯಿತು, ನನ್ನ ತೊಡೆಯ ಮೇಲಿದ್ದ ಕೋಟಿನ ಗಂಟು ಹಾರಿ ಚಕ್ರದಡಿ ಹೋಯಿತು. ಲಾರಿ ಮುಂದೆ ಹೋದ ಮೇಲೆ ನೋಡಿದರೆ ಕೋಟು ರಸ್ತೆಗೆ ಮೆತ್ತಿಕೊಂಡಿತ್ತು, ಎದೆಯ ಮೇಲೆ ಅಡ್ಡಕ್ಕೆ ಚಕ್ರದ ಅಚ್ಚು.

ಮಾವ ಎರಡೂ ಕಾಲು ನೆಲಕ್ಕೂರಿ ನನ್ನ ಕಡೆ ತಿರುಗಿದರು. "ಯಾಕಮ್ಮ ಹೇಳ್ಲಿಲ್ಲ? ಪುಟ್ಟಿ ಆಗಿದ್ರೆ ಲಾರಿ ಅಷ್ಟು ದೂರ ಇರೋವಾಗ್ಲೇ ಅದಃ ಅಂದ್ಬಿಡ್ತಿದ್ಲು."

"ಏನಂದ್ರಿ?"

ಬೇಕರಿಯವನು ಕೇಳಿದ ಆ ಮಂತ್ರ ನನ್ನ ತಲೆಯೊಳಗೆ ತಾನಾಗಿಯೇ ಶುರುವಾಯಿತು. ದೂರದಲ್ಲಿ ಗಾಡಿ ಬಂದರೆ ಅದಃ. ಹತ್ತಿರ ಬಂದರೆ ಇದಂ. ಮೈಮೇಲೇ ಬಂದರೆ ಏತತ್. ಹಿಂದೆ ಬಿದ್ದು ಕಣ್ಮರೆಯಾದರೆ ತತ್. ನನ್ನ ಕೂಸು ದಿನಾ ಈ ರಸ್ತೆಯಲ್ಲಿ ಕಣ್ಣು ಕಾಣದವರ ಹಿಂದೆ ಕೂತು, ಬರುವ ಗಾಡಿಗಳನ್ನೆಲ್ಲ ಒಪ್ಪಿಸುತ್ತಿತ್ತು. ನಾನು ಅದಕ್ಕೆ ಹೆಮ್ಮೆ ಪಟ್ಟಿದ್ದೆ. ರಸ್ತೆ ಬದಿಯಲ್ಲಿ ಬಗ್ಗಿ ವಾಂತಿ ಮಾಡಿದೆ.

ಆಮೇಲೆ ಬೀಗದ ಕೈ ಕಿತ್ತುಕೊಂಡು ಗಾಡಿ ತಳ್ಳತೊಡಗಿದೆ. ಮಾವ ಸೀಟು ಹಿಡಿದುಕೊಂಡು ಪಕ್ಕದಲ್ಲಿ ನಡೆದರು.

"ಯಾವಾಗಿಂದ?"

"ತುಂಬಾ ದಿನ ಆಯ್ತು. ನೇರ ನೋಡಿದ್ರೆ ನಡುವೆ ಏನೂ ಕಾಣಲ್ಲ, ಅಂಚಲ್ಲಿ ಸ್ವಲ್ಪ ಕಾಣತ್ತೆ. ಕಣ್ಣಿನ ಡಾಕ್ಟ್ರು ಇನ್ಮೇಲೆ ಗಾಡಿ ಮುಟ್ಬೇಡಿ ಅಂದ್ರು. ನಿಮಗೆ ಹೇಳಿದ್ರೆ ಕಿತ್ಕೋತಿದ್ರಿ."

"ಕಿತ್ಕೊಳ್ದೆ ಹಾರ ಹಾಕ್ತಿದ್ವಾ?" ಬೀದಿಯಲ್ಲೇ ಕಿರುಚಿದೆ. "ನಿಮ್ಮ ಜೀವ ನಿಮಗೆ ಬೇಡ ಅಂದ್ರೆ ಹಾಳಾಗ್ಲಿ. ನನ್ನ ಮಗು ಏನ್ ಮಾಡಿತ್ತು ಮಾವ ನಿಮಗೆ?"

"ಈ ಮನೇಲಿ ನನ್ನ ಕೈಲಾಗ್ತಿದ್ದದ್ದು ಅದೊಂದೇ ಕೆಲ್ಸ ಕಣಮ್ಮ." ಅವರು ಸೀಟು ಬಿಡದೆ ನಡೆಯುತ್ತಲೇ ಇದ್ದರು. "ಮಗುಗೂ ಆಟ ಆಗಿತ್ತು. ಅವಳಾಗೇ ಹೇಳಿದ್ದು, ತಾತ, ನಾನು ನೋಡಿ ಹೇಳ್ತೀನಿ ಅಂತ. ಖುಷಿಯಾಗಿ ಕೂಗ್ತಿದ್ಲು."

ಮನೆಗೆ ಬಂದಾಗ ಪುಟ್ಟಿ ಹಾಸಿಗೆಯಲ್ಲಿ ಮುದುಡಿಕೊಂಡಿದ್ದಳು. ನನ್ನ ಮುಖ ನೋಡಿದವಳೇ ಎದ್ದು ಕೂತಳು. "ತಾತಂಗೆ ಏನಾಯ್ತು?"

ಎರಡೇಟು ಹಾಕಬೇಕೆಂದೇ ಒಳಗೆ ಬಂದಿದ್ದೆ. ಆ ದನಿ ಕೇಳಿ ಕೈ ಮೇಲೇಳಲಿಲ್ಲ. "ತಾತ ಹೊರಗಿದ್ದಾರೆ, ಏನೂ ಆಗಿಲ್ಲ. ನನಗೆಲ್ಲಾ ಗೊತ್ತಾಯ್ತು" ಎಂದೆ. "ಹೆದರಿಕೆ ಆಗ್ತಿರ್ಲಿಲ್ವೇನೇ ನಿನಗೆ?"

ಅವಳು ನನ್ನ ಕಿವಿಯ ಹತ್ತಿರ ಬಂದಳು. "ತಾತಂಗೆ ಹೇಳ್ಬೇಡ. ಕಣ್ಣು ಮುಚ್ಚಿದ್ರೆ ತಾತ ಸತ್ತೋಗ್ತಾರೆ ಅಂತ ಧೂಳು ಬಿದ್ರೂ ಮುಚ್ತಿರ್ಲಿಲ್ಲ. ಜೋರಾಗಿ ಕೂಗಿದ್ರೆ ಅಳು ಬರಲ್ಲ, ಅದಕ್ಕೇ ಜೋರಾಗಿ ಕೂಗ್ತಿದ್ದೆ."

ನಾನು ಅವಳನ್ನು ಬಾಚಿ ತಬ್ಬಿಕೊಂಡೆ. ಬಾಗಿಲ ಕಡೆ ನನ್ನ ಬೆನ್ನಿತ್ತು.

"ಅಮ್ಮಾ, ನಾಳೆಯಿಂದ ನಾನು ನೋಡೋದು ಬೇಡ್ವಾ?"

"ಬೇಡ ಕಂದಾ" ಎಂಬ ದನಿ ನನ್ನದಾಗಿರಲಿಲ್ಲ.

ತಿರುಗಿ ನೋಡಿದೆ. ಮಾವ ಬಾಗಿಲಲ್ಲಿ ನಿಂತಿದ್ದರು, ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಚೌಕಟ್ಟು ತಡವುತ್ತ ಹಾಗೇ ನೆಲಕ್ಕೆ ಕುಸಿದು ಕೂತರು. ಪುಟ್ಟಿ ನನ್ನ ಹೆಗಲಿಗೆ ಮುಖ ಒತ್ತಿ ಅಳಲು ಶುರುಮಾಡಿದಳು, ಹಸುಗೂಸಾಗಿದ್ದಾಗ ಅತ್ತ ಹಾಗೆ, ಉಸಿರು ಕಟ್ಟಿ ಕಟ್ಟಿ.