ಕೋಲು ಮುಟ್ಟದ ಹೊತ್ತು

ಎಸರು ಕೊತಕೊತ ಅನ್ನುತ್ತಿದ್ದದ್ದು ತಟಕ್ಕನೆ ತಗ್ಗಿತಲ್ಲ, ರಾಗಿ ಹಿಟ್ಟು ಬಿತ್ತು ಹಾಗಾದರೆ, ಒಂದೇ ಸಲಕ್ಕೆ ಸುರಿದಳೋ ಏನೋ, ಗೋಡೆಯಾಚೆ ಕಾಣುವುದಿಲ್ಲ, ಕ್ಯಾಂಟೀನಿನ ಬೆಂಚಿನ ಮೇಲೆ ಕೂತವಳಿಗೆ ಕಿವಿಯೇ ಕಣ್ಣು, ಇನ್ನು ಸದ್ದು ಬರಬಾರದು, ಸುಕಾಂತಿ, ಕೋಲು ಮುಟ್ಟಬೇಡ ಕಣವ್ವ, ನಡುವೆ ನೆಟ್ಟು ಬಿಟ್ಟುಬಿಡು, ಬೇಯಲಿ — ಈಗಲೇ ಕೋಲಾಡಿದರೆ ಗಂಟು ಕಟ್ಟುತ್ತದೆ, ಮುದ್ದೆಯಲ್ಲಿ ಗಂಟು ಸಿಕ್ಕಿದರೆ ಅವಳು ಮತ್ತೆ ಹಿತ್ತಲಿನ ನಲ್ಲಿಯ ಹತ್ತಿರ ತಟ್ಟೆ ತೊಳೆಯುವುದಕ್ಕೆ, ಕ್ಯಾಂಟೀನಿನ ಯಜಮಾನ ನಂಜುಂಡೇಶ ಬೆಳಿಗ್ಗೆಯೇ ಹೇಳಿಬಿಟ್ಟಿದ್ದಾನೆ, ನೋಡಜ್ಜಿ, ಅಡುಗೆಯೋಳು ಬಿಟ್ಟೋದ್ಲು ಅಂತ ಇವತ್ತೊಂದಿನ ಒಲೆ ಮುಂದಕ್ಕೆ ಬಿಡ್ತೀನಿ, ಇಟ್ಟು ನೆಟ್ಟಗೆ ಬಂದ್ರೆ ನಾಳಿಂದ ಅವಳೇ ಮಾಡ್ಲಿ, ಗಂಟು ಸಿಕ್ತು ಅಂದ್ರೆ ನಾನು ಬೇರೆಯವ್ರನ್ನ ನೋಡ್ಕೋತೀನಿ, ಬ್ಯಾಜಾರು ಮಾಡ್ಕೋಬ್ಯಾಡ. ಬೇಜಾರು ಎಂಥದು ಕಣಪ್ಪ ಅಂದೆ. ಅಂದೆನೇ ಹೊರತು, ಗಂಡನ ಹಿಂದೆ ಒಡಿಶಾದಿಂದ ನಂಜನಗೂಡಿಗೆ ಬಂದು, ಅವನು ಫ್ಯಾಕ್ಟರಿಗೆ ಮೂಟೆ ಹೊರಲು ಹೋದಮೇಲೆ ನನ್ನ ಪಕ್ಕದ ಶೀಟಿನ ಮನೆಯಲ್ಲಿ ಹಗಲೆಲ್ಲ ಬಾಗಿಲು ಹಾಕಿಕೊಂಡು ಕೂತಿರುತ್ತಿದ್ದ ಹೆಣ್ಣು ಅದು, ಕೈ ಹಿಡಿದು ಗೇಟಿನಿಂದ ಗೇಟಿಗೆ ತಿರುಗಿಸಿದ್ದೆ ನಾನೇ, ಭಾಷೆ ಬರಲ್ಲ ಅಂದರು, ಗುರುತಿನವರು ಯಾರು ಅಂದರು, ನಾನೇ ಗುರುತು ಅಂದರೆ ನನ್ನ ಬಾಯಲ್ಲಿ ಉಳಿದಿರುವ ಹಲ್ಲು ನೋಡಿ ನಕ್ಕರು, ಇಂಡಸ್ಟ್ರಿಯಲ್ ಏರಿಯಾದ ಧೂಳೆಲ್ಲ ಕುಡಿದು ಕೊನೆಗೆ ಈ ಕ್ಯಾಂಟೀನಿಗೆ ಬಂದರೆ ನಂಜುಂಡೇಶನೂ ಕೇಳಿದ, ಅವಳು ಯಾವ ಜನ ಅಜ್ಜಿ. ರಾಗಿ ತಿನ್ನೋ ಜನ ಕಣಪ್ಪ ಅಂದೆ. ನಗು ಬಂತು ಅವನಿಗೆ, ನಗುತ್ತಲೇ ಪಾತ್ರೆ ತೊಳೆಯಲು ಇಟ್ಟುಕೊಂಡ.

ಹಿತ್ತಲಿನ ನಲ್ಲಿ ಅಂದರೆ ನನಗೆ ನರಸೀಪುರವೇ ಕಣ್ಣಿಗೆ ಬರುವುದು, ಬಸ್‌ಸ್ಟ್ಯಾಂಡಿನ ಪಕ್ಕದ ಆ ಹೋಟೆಲ್ಲು, ಬೂದಿ ಹುಣಸೆಹಣ್ಣು ಹಾಕಿ ಹಂಡೆ ಬೆಳಗುತ್ತಿದ್ದೆ, ಹೊಳೆಯ ಕಡೆಯಿಂದ ಗಾಳಿ ಬೀಸಿದರೆ ಬೆವರೆಲ್ಲ ತಂಪು, ಗಾಳಿಯೇ ತಂಪಿತ್ತೋ ಆ ವಯಸ್ಸು ತಂಪಿತ್ತೋ, ಒಗ್ಗರಣೆಯ ಘಮ ನನ್ನವರೆಗೂ ಬರುತ್ತಿತ್ತು, ನಾನು ಮಾತ್ರ ಅದರ ಕಡೆಗೆ ಹೋಗುವಂತಿರಲಿಲ್ಲ, ಯಾವ ಕೇರಿಯವಳು ಅಂತ ಊರಿಗೇ ಗೊತ್ತು, ನಾನು ತೊಳೆದಿಟ್ಟ ಪಾತ್ರೆಗೆ ಅವರು ಇನ್ನೊಂದು ಚೊಂಬು ನೀರು ಹುಯ್ದೇ ಒಳಕ್ಕೆ ತೆಗೆದುಕೊಳ್ಳುತ್ತಿದ್ದರು — ಆದರೂ ಆ ದಿನಗಳು ನೆನಪಿಗೆ ಸಿಹಿಯಾಗಿಯೇ ಬರುತ್ತವೆ, ಕತ್ತಲಾದ ಮೇಲೆ ಶಾಲೆ ಇತ್ತಲ್ಲ ಅದಕ್ಕೆ, ಲಾಟೀನಿನ ಸುತ್ತ ನಾವು ಮಕ್ಕಳ ತಾಯಂದಿರು, ತೂಕಡಿಸಿದವಳ ಬಳಪ ಕೈಯಿಂದ ಜಾರಿದರೆ ಎಲ್ಲರಿಗೂ ನಗು, ಪುಟ್ಟಮಾದಮ್ಮ, ನಿಮ್ಮ ಹೆಸರು ಉದ್ದ ಇದೆ, ಸ್ಲೇಟು ಸಾಲದು, ನೆಲದ ಮೇಲೆ ಬರೀರಿ ಅನ್ನುತ್ತಿದ್ದರು ಇಂದ್ರಾಣಿ ಟೀಚರು, ಬರೆದೆ, ಬಾಗಿಲಿನವರೆಗೂ ಬರೆದೆ, ಹುಡುಗಿಯರ ಹಾಸ್ಟೆಲ್ಲಿಗೆ ಅಡುಗೆಯವರು ಬೇಕಂತೆ ಅಂತ ಸುದ್ದಿ ತಂದವರೂ ಅವರೇ, ಮೊದಲ ದಿನ ಒಲೆ ಮುಂದೆ ನಿಂತಾಗ ನನ್ನ ಕಣ್ಣು ಬಾಗಿಲ ಕಡೆಗೇ ಹೋಗುತ್ತಿತ್ತು, ಯಾರಾದರೂ ಬಂದು ನೀನು ಹೊರಗೆ ನಡಿ ಅಂದುಬಿಟ್ಟರೆ, ಕಿಟಕಿಯಿಂದ ನೋಡುತ್ತೇನೆ, ಜಗುಲಿಯ ಮೇಲೆ ಟೀಚರು ಕಡಲೆಕಾಯಿ ಬಿಡಿಸಿಕೊಂಡು ಕೂತಿದ್ದಾರೆ, ಒಳಕ್ಕೆ ಬರಲಿಲ್ಲ, ಕೂತಿದ್ದರು, ಅಷ್ಟೆ, ಹುಡುಗಿಯರ ಊಟ ಮುಗಿಯುವ ತನಕ — ಆಮೇಲೆ ಎಷ್ಟು ಹುಡುಗಿಯರು ಉಂಡು ಹೋದರೋ ನನ್ನ ಕೈಯಲ್ಲಿ, ಈಗಲೂ ಬಸ್ಸಿನಲ್ಲಿ ಯಾರೋ ಎದ್ದು ಸೀಟು ಬಿಟ್ಟುಕೊಡುತ್ತಾರೆ, ನಾನು ಹಾಸ್ಟೆಲ್ ಶ್ವೇತ, ಗೊತ್ತಾಗಲಿಲ್ವಾ ಅನ್ನುತ್ತಾರೆ, ಗೊತ್ತಾಗುವುದಿಲ್ಲ, ಆದರೂ ಉಂಡ್ಯೇನವ್ವ ಅನ್ನುತ್ತೇನೆ. ನನಗೆ ಮುದ್ದೆ ಮಾಡುವುದು ಕಲಿಸಿದ್ದು ಅವ್ವ, ಹಿಟ್ಟು ಸುರಿದು ನಡುವೆ ಕೋಲು ನೆಟ್ಟು ಆಚೆ ಸರಿದು ಕೂರುತ್ತಿದ್ದಳು, ನಾನು ಕೋಲಿಗೆ ಕೈ ಹಾಕಿದರೆ ಮಣಿಕಟ್ಟಿಗೆ ಒಂದು ಪೆಟ್ಟು, ಎಲೆಅಡಿಕೆ ಹಾಕ್ಕಳಗಂಟ ಮುಟ್ಟಬ್ಯಾಡ ಕಣಮ್ಮಿ, ಎಲೆಯ ತೊಟ್ಟು ಮುರಿದು, ಸುಣ್ಣ ಸವರಿ, ಅಡಿಕೆ ಕತ್ತರಿಸಿ, ಬಾಯಿಗಿಟ್ಟು ಮೊದಲ ರಸ ನುಂಗುವ ಹೊತ್ತಿಗೆ ಕೋಲಿನ ಸುತ್ತ ಹಿಟ್ಟು ಬಾಯಿ ಬಿಟ್ಟು ಉಸಿರಾಡುತ್ತಿತ್ತು, ಆಗ ಏಳುತ್ತಿದ್ದಳು ಅವ್ವ, ಸೆರಗು ಸಿಕ್ಕಿಸಿ. ಸುಕಾಂತಿಗೆ ಎಲೆಅಡಿಕೆ ಅಭ್ಯಾಸವಿಲ್ಲ. ಅವರೂರಲ್ಲೂ ಇದೇ ರಾಗಿ, ಮಾಂಡಿಯಾ ಅಂತಾರಂತೆ, ನಮ್ಮ ಅಂಬಲಿಯ ಹಾಗೆ ಕುಡಿಯುವುದು, ಹಾಗಾಗಿ ಹಿಟ್ಟು ನೀರಿಗೆ ಬಿದ್ದದ್ದೇ ತಡ, ಅವಳ ಕೈ ತಿರುವಲು ಓಡುತ್ತದೆ, ನನ್ನ ಮನೆಯಲ್ಲಿ ಅದೆಷ್ಟು ಗಂಟಿನ ಮುದ್ದೆ ತಿಂದೆನೋ, ಕೊನೆಗೆ ಅವಳ ಎರಡೂ ಕೈ ಹಿಡಿದುಕೊಂಡೇ ಒಲೆ ಮುಂದೆ ಕೂರುತ್ತಿದ್ದೆ, ನಗುತ್ತಿದ್ದಳು, ನಿಮ್ಮೂರ ಹಾಡು ಒಂದು ಹೇಳಿಕೋ, ಮುಗಿಯುವ ತನಕ ಮುಟ್ಟಬೇಡ ಅಂದೆ, ಎಷ್ಟು ತಿಳಿಯಿತೋ ಏನೋ, ಹಾಡಿದಳು.

ಹಾಡುತ್ತಿದ್ದಾಳೆ, ಕೇಳಿಸುತ್ತಿದೆ, ಗೋಡೆಯಾಚೆಯಿಂದ ದುಂಬಿಯ ಗುಂಯ್‌ಗುಡುವ ಸದ್ದಿನ ಹಾಗೆ, ಆದರೆ ಸೈರನ್ನೂ ಕೂಗಿತು, ಜನ ನುಗ್ಗಿತು, ನನ್ನ ಎದುರಿಗೇ ಬಂದು ಕೂತ ಲಾರಿಯ ನಾಗೇಂದ್ರ, ಏನಜ್ಜಿ, ಇವತ್ತು ಇಟ್ಟು ನುಂಗದೋ ಅಗಿಯದೋ. ನಿನಗೆ ಹಲ್ಲಿದ್ರೆ ಅಗಿ, ಇಲ್ದಿದ್ರೆ ನುಂಗು ಅಂದೆ. ಒಳಗಡೆ ಹಾಡು ಬ್ಯಾರೆ ಆಯ್ತಾದಲ್ಲ, ಮುದ್ದೆಗೆ ಜೋಗುಳನಾ, ನಮ್ ಹೊಟ್ಟೆಗಾ. ಬೆಂಚೆಲ್ಲ ನಕ್ಕಿತು, ನಾನೂ ನಕ್ಕೆ, ನಂಜುಂಡೇಶ ಖಾಲಿ ತಟ್ಟೆಗಳನ್ನು ನೋಡಿದ, ಗೋಡೆಯ ಗಡಿಯಾರ ನೋಡಿದ, ಎದ್ದು ಅಡುಗೆಮನೆಯ ಬಾಗಿಲಿಗೆ ಹೋದ, ತೊಳಸು ಕಣಮ್ಮ, ಕೋಲಾಡಿಸು, ಜನ ಕುಂತವ್ರೆ, ಅದೇನು ಆ ಕೋಲನ್ನ ನೋಡ್ತಾ ನಿಂತಿದ್ದೀಯ — ಅಯ್ಯೋ ನಂಜುಂಡೇಶ, ಇನ್ನೊಂದು ಚೂರು ಹೊತ್ತು ಕಣಪ್ಪ, ಅವ್ವ ಇನ್ನೂ ಸುಣ್ಣ ಸವರುತ್ತಿದ್ದಾಳೆ, ಇವಳೋ ಯಾರು ಏನು ಹೇಳಿದರೂ ಹೂಂ ಸಾ ಅನ್ನುವವಳು, ಮನೆ ಓನರು ನೀರು ಬಿಡಲ್ಲ ಅಂದರೂ ಹೂಂ ಸಾ, ಗೇಟಿನವರು ಕೆಲಸ ಇಲ್ಲ ಅಂದರೂ ಹೂಂ ಸಾ, ಈಗಲೂ ಹೂಂ ಸಾ ಅಂದು ಕೋಲು ಹಿಡಿದಳೋ ಗಂಟು, ಗಂಟು ಸಿಕ್ಕಿದಾಗ ತೊಳಸು ಅಂದವನು ತಾನೇ ಅನ್ನುವುದು ಇವನಿಗೆ ನೆನಪಿರುತ್ತದೆಯೇ, ಎದ್ದು ಒಳಗೆ ಹೋಗಲೇ, ಹೋಗಿ ಅವಳ ಕೈ ಹಿಡಿದುಕೊಳ್ಳಲೇ, ಬೇಡ, ಹೋದರೆ ಆ ಒಲೆ ನನ್ನದಾಗುತ್ತದೆ, ಕೂತಿರು ಪುಟ್ಟಮಾದಮ್ಮ, ಕೂತಿರು — ಹಾಡು ನಿಂತಿತು. ತಡೀರಿ ಸಾ. ಯಾರದು ಆ ದನಿ, ಸುಕಾಂತಿಯದೇ, ತಡೀರಿ ಸಾ, ಇಟ್ಟು ಬೇಯ್ಬೇಕು. ಕನ್ನಡದಲ್ಲಿ ಉಪ್ಪು ಅನ್ನುವುದು ಕಲಿಸಿದ್ದೆ, ನೀರು ಅನ್ನುವುದು ಕಲಿಸಿದ್ದೆ, ಆಯ್ತು, ಬತ್ತೀನಿ ಎಲ್ಲ ಕಲಿಸಿದ್ದೆ, ತಡೀರಿ ಅನ್ನುವುದನ್ನು ನಾನು ಕಲಿಸಲಿಲ್ಲ, ಬಸ್ಸು ಇಳಿಯುವಾಗ ಊರೆಲ್ಲ ಕೂಗುವುದನ್ನು ಕೇಳಿಯೇ ಹಿಡಿದುಕೊಂಡಿರಬೇಕು, ಹಾಡು ಮತ್ತೆ ಶುರುವಾಯಿತು, ಬಿಟ್ಟಲ್ಲಿಂದಲೇ. ನಂಜುಂಡೇಶ ಬಾಗಿಲಲ್ಲೇ ಒಂದು ಗಳಿಗೆ ನಿಂತವನು ತಿರುಗಿ ಬಂದ, ಬಯ್ಯುತ್ತಾನೆ ಈಗ ಅಂದುಕೊಂಡೆ, ನನ್ನ ಪಕ್ಕ ಬಂದು ಕೂತು ಟವಲಿನಿಂದ ಮುಖ ಒರೆಸಿಕೊಂಡ, ನಮ್ಮವ್ವನೂ ಇಂಗೇಯ ಅಜ್ಜಿ, ತಡಿ ಅಂದ್ರೆ ನಮ್ಮಪ್ಪನೂವೆ ತಡೀಬೇಕು. ನಾಗೇಂದ್ರ ತಟ್ಟೆ ಬಡಿದ, ಏನ್ ಸಾ, ಇನ್ನೂ ಎಷ್ಟೊತ್ತು. ತಡಿಯೋ ಲೇ, ಅಡುಗೆಯೋರು ತಡೀರಿ ಅಂದವ್ರೆ. ಅಡುಗೆಯೋರು ಅಂದನೇ, ನನ್ನ ಕಿವಿಗೆ ಹಾಗೇ ಬಿತ್ತೇ, ಇಷ್ಟು ಜನವೂ ಕಾಯುತ್ತಿದೆ, ಗೋಡೆಯಾಚೆ ಕಾಣುವುದಿಲ್ಲ, ಆದರೂ ಕಾಣುತ್ತಿದೆ, ಅಗಲವಾದ ಪಾತ್ರೆ, ನಡುವೆ ನೆಟ್ಟ ಕೋಲು, ಸುತ್ತ ಹಿಟ್ಟು ಬಾಯಿ ಬಿಡುತ್ತಿದೆ, ಕೋಲು ನಿಂತಿದೆ, ಯಾರೂ ಮುಟ್ಟಿಲ್ಲ, ಕೋಲು ನಿಂತಿದೆ